ಹಳೇ ವಾಷಿಂಗ್ ಮಷೀನುಗಳ ಯಜಮಾನ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಎನ್ನುತ್ತಾರೆ. ಅಂಚೆ ಚೀಟಿ ಕೂಡಿಸುವವರ ಹುಚ್ಚು ಒಂದು ಡಬ್ಬಿಯಲ್ಲಿ ಹಿಡಿಸುತ್ತದೆ. ನನ್ನ ಹುಚ್ಚಿಗೆ ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮೂರು ಕೋಣೆಯ ಮನೆ ಸಾಲದು. ನಾನು ಹಳೆಯ ವಾಷಿಂಗ್ ಮಷೀನುಗಳನ್ನೂ ಬಟ್ಟೆ ಒಣಗಿಸುವ ಡ್ರೈಯರುಗಳನ್ನೂ ಕೂಡಿಸುತ್ತೇನೆ. ಎರಡು ಪಡಸಾಲೆಯಲ್ಲಿವೆ, ಒಂದು ಮೆಟ್ಟಿಲ ಕೆಳಗಿದೆ, ಒಂದು ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದೆ. ಐದನೆಯದು ಮಲಗುವ ಕೋಣೆಯಲ್ಲಿ, ನನ್ನ ಮಗ್ಗುಲಿಗೇ ಇದೆ. ಕನ್ನಡಕ, ನೀರಿನ ತಂಬಿಗೆ ಇಡುವುದಕ್ಕೆ ಬೇಕೆಂದು ಹೆಂಡತಿ ಗಿರಿಜಾಳಿಗೆ ಸಮಜಾಯಿಷಿ ಕೊಟ್ಟಿದ್ದೇನೆ. ಆದರೆ ಓದುಗರ ಮುಂದೆ ಮುಚ್ಚಿಡಬಾರದು. ಇಷ್ಟೆಲ್ಲ ಇದ್ದೂ ನಮ್ಮ ಮನೆಯ ಬಟ್ಟೆಗಳನ್ನು ಗಿರಿಜಾ ಹಿತ್ತಲಿನ ಕಲ್ಲಿನ ಮೇಲೆ ಕೈಯಿಂದಲೇ ಒಗೆಯುತ್ತಿದ್ದಳು. ಮೂರು ಮಷೀನುಗಳು ನಡೆಯುತ್ತಿರಲಿಲ್ಲ. ನಡೆಯುವ ಎರಡನ್ನು ನಡೆಸಲು ನನಗೆ ಧೈರ್ಯವಿರಲಿಲ್ಲ. ಒಳಗೆ ಏನಾದರೂ ಮುರಿದರೆ ಆ ಸಾಮಾನು ಈಗ ಎಲ್ಲಿ ಸಿಗಬೇಕು?

ಈ ಹುಚ್ಚು ಹತ್ತಿದ್ದು ಟಿಳಕವಾಡಿಯ ಮಾವಶಿಯ ಮನೆಯಲ್ಲಿ. ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಬೆಳಗಾವಿಯ ಮಳೆಗಾಲದಲ್ಲಿ ನಾವೆಲ್ಲ ಹಸಿ ಚಡ್ಡಿ ಹಾಕಿಕೊಂಡು ಹೋಗಿ ಶಾಲೆಯ ಬೆಂಚಿನ ಮೇಲೆ ಕೂತು ಒಣಗಿಸುತ್ತಿದ್ದೆವು. ಮಾವಶಿಯ ಮನೆಯಲ್ಲಿ ಮಾತ್ರ ಬಟ್ಟೆ ಗರಗರ ತಿರುಗಿಸಿ ನೀರು ತೆಗೆಯುವ ಒಂದು ಡ್ರೈಯರು ಇತ್ತು. ತಿರುಗುವಾಗ ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾವಶಿಯ ಮಗಳನ್ನು ನೋಡಲು ವರನ ಕಡೆಯವರು ಬಂದು ಉಪ್ಪಿಟ್ಟು ತಿನ್ನುತ್ತಿದ್ದಾಗ, ಬಚ್ಚಲಲ್ಲಿ ಯಾರೋ ಚಾಲೂ ಮಾಡಿ ಮರೆತಿದ್ದ ಡ್ರೈಯರು ಗುಡುಗುಡು ಎನ್ನುತ್ತ ಪಡಸಾಲೆಯ ಬಾಗಿಲಿಗೆ ಬಂದು ನಿಂತಿತು. ಕಣ್ಣು ಮಂಜಾಗಿದ್ದ ವರನ ಅಜ್ಜ, ಮನೆಯ ಹಿರಿಯರು ಬಂದರೆಂದು ತಿಳಿದು ಎದ್ದು ಕೈಮುಗಿದರು. ಸಂಬಂಧ ಕೂಡಿತು. ಅಕ್ಕನಿಗೆ ಗಂಡ ಸಿಕ್ಕ, ನನಗೆ ಈ ಗೀಳು ಸಿಕ್ಕಿತು.

ನನ್ನ ಕೆಲಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ. ಎರಕ ಹೊಯ್ದ ಸಾಮಾನಿನಲ್ಲಿ ಕೂದಲೆಳೆಯಂಥ ಸೀಳೇನಾದರೂ ಇದೆಯೇ ಎಂದು ನೋಡುವುದು. ಕಳೆದ ವರ್ಷ ಒಂದು ಬುಧವಾರ ನನ್ನ ಸಹೋದ್ಯೋಗಿ, ಖಾನಾಪುರದಿಂದ ದಿನಾ ಬಂದುಹೋಗುವ ಪರಶುರಾಮ, ಊಟದ ಡಬ್ಬಿ ಬಿಚ್ಚುತ್ತ ಹೇಳಿದ: "ಸರ್, ಗುಂಜಿಯೊಳಗ ನಮ್ಮ ಪರಿಚಯದವರ ಮನ್ಯಾಗ ಒಂದ ಮಷೀನ ಐತ್ರಿ. ಭಾಳ ಹಳೇದು. ಮ್ಯಾಲೆ ಅರಿವಿ ಹಿಂಡು ರೋಲರ್ ಅದಾವು. ಶನಿವಾರ ಗುಜರಿಯವರಿಗೆ ಕೊಡ್ತಾರಂತ."

ರೋಲರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ಉಳಿಯಿತು. ಅಂಥದ್ದು ನನ್ನಲ್ಲಿರಲಿಲ್ಲ. ಅಂದು ಮಧ್ಯಾಹ್ನ ಯಾವ ಸಾಮಾನಿನಲ್ಲಿ ಸೀಳಿತ್ತೋ ಯಾವುದರಲ್ಲಿ ಇರಲಿಲ್ಲವೋ ದೇವರಿಗೇ ಗೊತ್ತು. ಮನೆಗೆ ಬಂದರೆ ಕೂತಲ್ಲಿ ಕೂರಲಾಗಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಸುತ್ತಿದೆ. "ಹೊಟ್ಟಿ ಸರಿ ಇಲ್ಲೇನ್ರಿ?" ಎಂದು ಗಿರಿಜಾ ಓಮಿನ ನೀರು ತಂದುಕೊಟ್ಟಳು. ಕುಡಿದೆ. ನಿಜ ಹೇಳುವುದಕ್ಕಿಂತ ಅದೇ ಸುಲಭವಿತ್ತು.

ಮರುದಿನ ಅರ್ಧ ರಜೆ ಹಾಕಿ ಪರಶುರಾಮನ ಬೈಕಿನ ಹಿಂದೆ ಕೂತು ಖಾನಾಪುರ ದಾಟಿ ಗುಂಜಿಗೆ ಹೋದೆ. ಸ್ಟೇಷನ್ನಿನ ಸಮೀಪದ ಮನೆ. ಒಡತಿ ಜೈತುನಬಿ, ರೈಲ್ವೆಯಲ್ಲಿದ್ದ ಮೆಕ್ಯಾನಿಕ್ ಒಬ್ಬರ ಹೆಂಡತಿ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಸೊಸೆ ಹೊಸ ಮಷೀನು ತಂದಿದ್ದರಿಂದ ಹಳೆಯದು ಹಿತ್ತಲ ತಗಡಿನ ಕೆಳಗೆ ನಿಂತಿತ್ತು. ತಿಳಿ ಹಸಿರು ಬಣ್ಣ, ಹಂಡೆಯಂಥ ಹೊಟ್ಟೆ, ನೆತ್ತಿಯ ಮೇಲೆ ಎರಡು ರಬ್ಬರ್ ರೋಲರು, ಅವನ್ನು ತಿರುಗಿಸುವ ಹಿಡಿಕೆ. ಜೈತುನಬಿ ಗುಂಡಿ ಒತ್ತಿದರು. ಅದು ನಡೆಯಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನನ್ನ ಕೈ ಮುರದಾಗ ನಮ್ಮವರು ಎಲ್ಲಿಂದಲೋ ತಂದ್ರು. ಕೆಟ್ಟಾಗೊಮ್ಮೆ ತಾವೇ ರಿಪೇರಿ ಮಾಡ್ತಿದ್ರು," ಎಂದರು ಅವರು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು: "ನಿಮ್ಮ ಮನ್ಯಾಗ ಅರಿವಿ ಯಾರು ಒಗಿತಾರ್ರಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪರಶುರಾಮ ಅಭಿಮಾನದಿಂದ ಹೇಳಿಬಿಟ್ಟ: "ಸರ್ ಮನ್ಯಾಗ ಐದ ಮಷೀನ ಅದಾವ್ರಿ. ಆದ್ರ ಒಂದಕ್ಕೂ ಧಕ್ಕಿ ಆಗಬಾರದಂತ ವೈನಿಯವರು ಕೈಲೇ ಒಗಿತಾರ್ರಿ."

ಜೈತುನಬಿ ಮಷೀನು ಬಂದ್ ಮಾಡಿದರು. "ಹಂಗಾರ ನಿಮಗ ಕೊಡೂದಿಲ್ಲ. ಗುಜರಿಯವ ಒಯ್ದ್ರ ತುಂಡು ಮಾಡ್ತಾನ, ಖರೇ. ನಿಮ್ಮಂಗ ಹೆಂಗಸರ ಮುಂದ ಇಟ್ಟು ಅಣಗಸೂದಿಲ್ಲ."

ಶುಕ್ರವಾರದ ಸಂಜೆಯವರೆಗೆ ನನ್ನ ಅವಸ್ಥೆ ಹೇಳತೀರದು. ಶನಿವಾರದ ಗುಜರಿಯವನು ಕಣ್ಣಮುಂದೆ ಬಂದು ಸುತ್ತಿಗೆ ಎತ್ತುತ್ತಿದ್ದ. ಹೊಸಿಲಲ್ಲಿ ಎರಡು ಸಲ ಎಡವಿದೆ, ಚಹಾಕ್ಕೆ ಉಪ್ಪು ಹಾಕಿಕೊಂಡೆ. ಕಡೆಗೆ ತಡೆಯಲಾರದೆ, ಒಗೆಯುತ್ತ ಕೂತಿದ್ದ ಗಿರಿಜಾಳ ಎದುರಿಗೇ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು, ಅದು ನನ್ನದೇ ಅಂಗಿ, ಬಕೆಟ್ಟಿಗೆ ಬಿಟ್ಟು, "ಆ ಅಮ್ಮನ್ನ ನಾ ಒಮ್ಮೆ ನೋಡಬೇಕ್ರಿ," ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ರೈಲಿನಲ್ಲಿ ಹೊರಟೆವು. ಗಾಡಿ ಎಲ್ಲೆಲ್ಲೋ ನಿಂತಿತು. ನಿಂತಾಗೊಮ್ಮೆ ನಾನು ಎದ್ದು ಬಾಗಿಲಿಗೆ ಹೋಗಿ ಬಂದೆ. ಗುಂಜಿಯಲ್ಲಿ ಮಷೀನು ಇನ್ನೂ ಇತ್ತು. ಇಬ್ಬರು ಹೆಂಗಸರೂ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತ ಸಾಬೂನು, ಮಳೆ, ಸೊಂಟನೋವು ಎಲ್ಲ ಮಾತಾಡಿದರು. ಮಷೀನಿನ ಮಾತು ಮಾತ್ರ ಬರಲಿಲ್ಲ. ಗುಜರಿಯವನ ಗಾಡಿ ಬಂತೇನೋ ಎಂದು ನಾನು ಮೂರು ಸಲ ರಸ್ತೆಗೆ ಹೋಗಿ ನೋಡಿದೆ. ಮೂರನೆಯ ಸಲ ಒಳಗೆ ಬಂದಾಗ ಜೈತುನಬಿ ಗಿರಿಜಾಳ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡುತ್ತಿದ್ದರು. ಬೆರಳಿನ ಗೆಣ್ಣುಗಳಲ್ಲೆಲ್ಲ ಸಾಬೂನು ತಿಂದ ಸೀಳುಗಳು. ದಿನವಿಡೀ ಕಬ್ಬಿಣದಲ್ಲಿ ಸೀಳು ಹುಡುಕಿ ಸಂಬಳ ತೆಗೆದುಕೊಳ್ಳುವ ನಾನು ಇವನ್ನು ನೋಡಿಯೇ ಇರಲಿಲ್ಲ. ಬಾಗಿಲಲ್ಲೇ ನಿಂತೆ. ಆ ಒಂದು ಗಳಿಗೆ ನನಗೆ ಯಾವ ಮಷೀನೂ ಬೇಡವಾಗಿತ್ತು.

"ಒಯ್ಯವ್ವಾ," ಎಂದರು ಜೈತುನಬಿ ಗಿರಿಜಾಳಿಗೆ. "ಇದು ನಿಂದು. ಅವರದಲ್ಲ. ರೊಕ್ಕ ಗಿಕ್ಕ ಬ್ಯಾಡ. ವಾರಕ್ಕೊಮ್ಮೆ ಫೋನ್ ಮಾಡಿ ಹ್ಯಾಂಗ ನಡದೈತಿ ಹೇಳು, ಸಾಕು." ನನ್ನ ಕಡೆ ತಿರುಗಿ, "ನೀವು ಹಿಡಿಕಿ ತಿರವ್ರಿ. ನಮ್ಮವರೂ ತಿರವ್ತಿದ್ರು," ಎಂದರು.

ಟೆಂಪೋದಲ್ಲಿ ಬಂದ ಮಷೀನಿಗೆ ಗಿರಿಜಾ ಹಿತ್ತಲಲ್ಲಿ ಜಾಗ ಮಾಡಿಸಿದಳು. ನಾನು ಒರೆಸಲು ಹೋದರೆ, "ಹಿಡಿಕಿ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ್ರಿ," ಎಂದು ಅರಿವೆ ಕಸಿದುಕೊಂಡಳು. ಭಾನುವಾರ ಆಕೆ ಬಟ್ಟೆ ಕೊಡುತ್ತಾಳೆ, ನಾನು ತಿರುವುತ್ತೇನೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡುತ್ತಾರೆ. ಐದು ಮಷೀನುಗಳ ಯಜಮಾನ ಆರನೆಯದರ ಆಳಾದ ಎಂದು ಅವರು ಆಡಿಕೊಂಡರೂ ನನಗೆ ಬೇಸರವಿಲ್ಲ. ಸಂಗ್ರಹ ಬೆಳೆದಿದೆಯಲ್ಲ.

ಮೊನ್ನೆ ಸಂಜೆ ಚಹಾ ಕುಡಿಯುತ್ತಿದ್ದಾಗ ಅಡುಗೆಮನೆಯಿಂದ ಗಿರಿಜಾ ಫೋನಿನಲ್ಲಿ ಜೈತುನಬಿಗೆ ವರದಿ ಒಪ್ಪಿಸುವುದು ಕೇಳಿಸಿತು. "ಹೂನ್ರಿ ಚಾಚಿ, ಹಳೇದಾದ್ರೂ ನಡದೈತ್ರಿ. ಚಾಲೂ ಆಗಾಕ ಸ್ವಲ್ಪ ಹೊತ್ತ ಹಿಡಿತೈತಿ. ಸಪ್ಪಳ ಭಾಳ, ಕೆಲಸ ಕಡಿಮಿ. ಕಾಲರ್ ಇನ್ನೂ ಸ್ವಚ್ಛ ಆಗವಲ್ಲವು. ಆದ್ರ ದಾರಿಗೆ ಬರಾಕತ್ತೈತಿ." ಆ ಕಡೆಯಿಂದ ದೊಡ್ಡ ನಗು. ಕಡೆಗೂ ನನ್ನ ಹೆಂಡತಿಗೆ ಹಳೆಯ ಮಷೀನಿನ ಮೇಲೆ ಮಮತೆ ಹುಟ್ಟಿತಲ್ಲ ಎಂದು ಹೆಮ್ಮೆಯಿಂದ ಇನ್ನೊಂದು ಗುಟುಕು ಹೀರಿದೆ. ಕಪ್ಪು ಕೆಳಗಿಟ್ಟ ಮೇಲೆ ನೆನಪಾಯಿತು. ಮಷೀನಿನ ಬೆಲ್ಟು ಹರಿದು ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನವೂ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆದವನು ನಾನು.