ವಿಭೂತಿ ಹಚ್ಚಿಕೊಂಡ ಲ್ಯಾಪ್‌ಟಾಪ್

“ನಿಮ್ಮ ಮನ್ಯಾಗ ಡಿಗ್ರಿ ಆಗೂದು, ನಮ್ಮ ಎಮ್ಮಿ ತತ್ತಿ ಇಡೂದು, ಎರಡೂ ಒಂದ ದಿನ!” ಮದುವೆಯೂಟದ ಪಂಕ್ತಿಯಲ್ಲಿ ಕುಳಿತು ನನ್ನಪ್ಪನಿಗೆ ಹೀಗೆಂದವರು ಹತ್ತಿಮತ್ತೂರಿನ ನನ್ನ ಸೋದರಮಾವ. ಎಮ್ಮೆ ಇನ್ನೂ ತತ್ತಿ ಇಟ್ಟಿಲ್ಲ. ನಾನು ಮಾತ್ರ ಕಂಪ್ಯೂಟರ್ ಓದಿ ಬಿಎಸ್ಸಿ ಮುಗಿಸಿ, ಹಾನಗಲ್ಲಿನ ನಮ್ಮ ಪಡಸಾಲೆಯ ಗೋಡೆಗೆ ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಮಾವ ಬಂದಾಗಲೆಲ್ಲ ಅದರ ಎದುರಿನ ಕುರ್ಚಿಯನ್ನೇ ಕೊಡುತ್ತೇನೆ. ಓದಿದವರಿಗೂ ಇಂಥ ಸಣ್ಣ ಬುದ್ಧಿ ಇರುತ್ತದೆ.

ಈ ದಸರೆಗೆ ಬನ್ನಿ ಕೊಡಲು ಬಂದ ಮಾವ ಮಗಳು ಶಿಲ್ಪಾಳನ್ನೂ ಕರೆತಂದಿದ್ದರು. ಅವಳ ಆದಾಯ ಪ್ರಮಾಣಪತ್ರ ಮಂಜೂರಾಗಿತ್ತು. ನೆಟ್‌ನಿಂದ ಇಳಿಸಿ ಪ್ರಿಂಟ್ ತೆಗೆಯಬೇಕು, ಅಷ್ಟೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಹಾಸ್ಟೆಲಿಗೆ ಆ ಕಾಗದ ಮುಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು. ಹಬ್ಬವೆಂದು ಊರಿನ ಕಂಪ್ಯೂಟರ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸಂಜೆಯ ಬಸ್ಸು ಯಾರಿಗೂ ಕಾಯುವುದಿಲ್ಲ.

“ಎರಡ ನಿಮಿಷದ ಕೆಲಸರಿ ಮಾವಾ,” ಎಂದೆ. ಬಾಯಿ ಸುಮ್ಮನಿರಬೇಕಿತ್ತು.

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದನ್ನು ನಡೆಸುವ ವಿಂಡೋಸ್, ಲಿನಕ್ಸ್ ಎರಡೂ ಇವೆ, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಗ್ರಬ್ ಎಂಬ ಕಾವಲುಗಾರ ಬಾಗಿಲಲ್ಲಿ ನಿಂತು, ಯಾರನ್ನು ಎಬ್ಬಿಸಲಿ ಎಂದು ಕೇಳುತ್ತಾನೆ. ಹಿಂದಿನ ದಿನ ಆಯುಧಪೂಜೆಗೆಂದು ಅವ್ವ ಲ್ಯಾಪ್‌ಟಾಪ್ ಆರಿಸಲು ಹೇಳಿದ್ದಳು. ಆರುವ ಮೊದಲು ವಿಂಡೋಸ್ ಅಪ್‌ಡೇಟ್ ಮಾಡಿಕೊಂಡು, ಹೋಗುತ್ತ ಹೋಗುತ್ತ ಕಾವಲುಗಾರನನ್ನೇ ಓಡಿಸಿತ್ತು. ಈಗ ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ನನ್ನ ಹೆಗಲ ಮೇಲೆ ಮಾವನ ಉಸಿರು.

“ಸತ್ತೈತೇನವಾ?”

“ಇಲ್ರಿ, ಏಳಾಕತ್ತೈತಿ.”

“ನಿಮ್ಮಪ್ಪನೂ ಮುಂಜಾನಿ ಹಿಂಗ ಏಳ್ತಾನ.”

ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಗ್ರಬ್‌ನನ್ನು ಕರೆತಂದು ಅವನ ಜಾಗದಲ್ಲೇ ಕೂಡಿಸಿದೆ. ಲ್ಯಾಪ್‌ಟಾಪ್ ಎದ್ದಿತು, ವೈಫೈ ಇಲ್ಲ. ವೈಫೈ ನಡೆಸುವ ಡ್ರೈವರ್ ತೆಗೆದು ಮತ್ತೆ ಹಾಕಿದೆ, ರೂಟರ್ ಆರಿಸಿ ಹಚ್ಚಿದೆ, ಕಾಲೇಜಿನಲ್ಲಿ ಕಲಿತ ಆಜ್ಞೆಗಳನ್ನೆಲ್ಲ ಕೊಟ್ಟೆ. ಅದು ನನ್ನ ಮಾತನ್ನು ನಮ್ಮ ಮನೆಯವರಷ್ಟೇ ಕೇಳಿತು. ಫೋನಿಗೆ ಕೇಬಲ್ ಚುಚ್ಚಿ ನೆಟ್ ಪಡೆಯಬಹುದಿತ್ತೆಂದು ಇದನ್ನು ಬರೆಯುವಾಗ ಹೊಳೆಯುತ್ತಿದೆ. ಆಗ ಶಿಲ್ಪಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. “ಅಕ್ಕಾ, ಆಗತೈತಿಲ್ಲ?” ಎಂದು ಮೆಲ್ಲಗೆ ಕೇಳಿದಳು. ನಾನು ಓದಿದ್ದರಿಂದಲೇ ಮಾವ ಈ ಹುಡುಗಿಯನ್ನು ಓದಿಸಲು ಒಪ್ಪಿದ್ದು. ನನ್ನಿಂದಲೇ ನಿಂತುಹೋದರೆ? 

ಕಡೆಗೆ ಎರಡೂ ಕೈ ಚಾಚಿ ಮೇಜಿಗೆ ಹಣೆ ಹಚ್ಚಿಬಿಟ್ಟೆ. ಕಣ್ಣೆದುರಿಗೇ ಲ್ಯಾಪ್‌ಟಾಪಿನ ಮುಂಭಾಗದ ಅಂಚು. ಅಲ್ಲಿ ವೈಫೈ ಹಚ್ಚಿ ಆರಿಸುವ ಪುಟ್ಟ ಗುಂಡಿ, ಅದರ ತುಂಬ ವಿಭೂತಿ. ಪೂಜೆಯಲ್ಲಿ ಅವ್ವ ಮೂರು ಬೆರಳು ಎಳೆದಾಗ ಗುಂಡಿಯೂ ಜೊತೆಗೆ ಸರಿದು ವೈಫೈ ಬಂದ್ ಆಗಿತ್ತು. ಉಗುರಿನಿಂದ ಹಿಂದಕ್ಕೆ ಸರಿಸಿದೆ. ವೈಫೈ ಬಂತು. ಪ್ರಿಂಟರ್ ಗುರ್ ಎಂದಿತು.

ಬಿಸಿ ಆರದ ಪ್ರಮಾಣಪತ್ರವನ್ನು ಶಿಲ್ಪಾಳ ಕೈಗಿಟ್ಟೆ. ಅವಳು ಬಸ್ಸಿಗೆ ಓಡಿದಳು. ಮಾವ ನಿಧಾನಕ್ಕೆ ಎದ್ದು, ಲ್ಯಾಪ್‌ಟಾಪಿನ ಮೇಲೂ ನಾಲ್ಕು ಬನ್ನಿ ಎಲೆ ಇಟ್ಟು, ಗೋಡೆಯ ಮೇಲಿನ ನನ್ನ ಪದವಿಯನ್ನು ಮೊದಲ ಸಲ ಪೂರ್ತಿ ನೋಡಿದರು.

“ಅಡ್ಡಬಿದ್ದ ಕೂಡ್ಲೆ ನಡೀತಲ್ಲವಾ! ನಾನೂ ದಿನಾ ಟ್ರ್ಯಾಕ್ಟರಿಗೆ ಅಡ್ಡಬಿದ್ದ ಚಾಲೂ ಮಾಡ್ತೇನಿ. ಅದಕ್ಕ ಮೂರು ವರ್ಷ ಓದಬೇಕಂತ ಗೊತ್ತಿರಲಿಲ್ಲ ನೋಡು.”