ಗುರಣ್ಣನ ಬಚ್ಚಲಿಗೆ ಹೊಸ ಲೈಟು

ಆಳಂದದ ಗಂಜು ಮಾರುಕಟ್ಟೆಯಲ್ಲಿ ತೊಗರಿ ದಲಾಲಿಯ ಅಡತಿ ಅಂಗಡಿ ನಡೆಸುವ ಗುರಣ್ಣನ ಮೀಸೆ ಕಂಡರೆ ಹಮಾಲರು ಬೀಡಿ ಆರಿಸುತ್ತಿದ್ದರು. ಆ ಮೀಸೆಯ ಮಾಲೀಕ ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಗಡಗಡ ನಡುಗುತ್ತ ಮೈ ತೊಳೆದುಕೊಳ್ಳುತ್ತಾನೆಂಬುದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿ ಗಂಗಾಬಾಯಿಗೂ.

ಕಾರಣ ಒಂದು ಹಲ್ಲಿ. ಮೂಲೆಯ ಮಂಕು ಬಲ್ಬಿನ ಬೆಳಕಿನಲ್ಲಿ, ಚಾವಣಿಯ ನಟ್ಟನಡುವೆ, ಸರಿಯಾಗಿ ಅವನ ನೆತ್ತಿಯ ಮೇಲೆ ಅದು ಕರ್ರಗೆ ಜೋತುಬಿದ್ದಿರುತ್ತಿತ್ತು. ನೆತ್ತಿಯ ಮೇಲೆ ಹಲ್ಲಿ ಬಿದ್ದರೆ ಮರಣ ಅನ್ನುತ್ತದೆ ಪಂಚಾಂಗ. ಬಿದ್ದ ಕೂಡಲೇ ಸ್ನಾನ ಮಾಡಿದರೆ ದೋಷ ಕಳೆಯುತ್ತದಂತೆ. ಅಲ್ಲಾ ಸ್ವಾಮಿ, ಸ್ನಾನಕ್ಕೆ ಮತ್ತೆ ಆ ಹಲ್ಲಿಯ ಕೆಳಗೇ ಕೂಡಬೇಕಲ್ಲ! ಪಂಚಾಂಗ ಬರೆದವರು ಹೊಳೆಯಲ್ಲಿ ಮೀಯುತ್ತಿದ್ದರೆಂದು ಕಾಣುತ್ತದೆ.

ಆವತ್ತು ಮೈತುಂಬ ಸಾಬೂನು ಹಚ್ಚಿಕೊಂಡು ಮೇಲೆ ನೋಡಿದರೆ ಹಲ್ಲಿ ಅಲುಗಾಡಿತು. ಗುರಣ್ಣ ತಲೆಗೆ ಬಕೆಟ್ಟು ಬೋರಲು ಹಾಕಿಕೊಂಡು ಹೊರಬಿದ್ದವನೇ ವೈರಿಂಗ್ ಕೆಲಸದ ಮುಕ್ರಮನಿಗೆ ಫೋನು ಹಚ್ಚಿದ. ಚಾವಣಿಯ ನಡುವೆ ದೊಡ್ಡ ಲೈಟು ಕೂಡಿಸಿದರೆ ಕತ್ತಲಲ್ಲಿ ಕೂತ ಹಲ್ಲಿ ಕಾಲಿಗೆ ಬುದ್ಧಿ ಹೇಳುತ್ತದೆಂಬುದು ಅವನ ಲೆಕ್ಕಾಚಾರ.

ಮುಕ್ರಮ ಬಂದು ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ. "ಇಷ್ಟ ಸಣ್ಣ ಬಚ್ಚಲಕ್ಕ ಅಷ್ಟ ದೊಡ್ಡ ಲೈಟ್ ಯಾಕ್ರೀ ಸಾವಕಾರ್ರ? ಮೂಲ್ಯಾಗಿನ ಬಲ್ಬ್ ಬದಲಿ ಮಾಡಿದ್ರ ಸಾಕಲ್ರಿ."

ಹಲ್ಲಿ ಅನ್ನಲು ಮೀಸೆ ಅಡ್ಡ ಬಂತು. "ಕಣ್ಣ... ಕಣ್ಣ ಸ್ವಲ್ಪ ಮಂಜ ಆಗ್ಯಾವಪಾ."

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಖ್ತರಬೇಗಂ ಇಣುಕಿದಳು. "ಯಾ ಅಲ್ಲಾ! ಯಾವಾಗಿಂದ್ರಿ ಗುರಣ್ಣಾಭಾಯಿ? ನಮ್ಮ ಮಾಮೂಗೂ ಹಿಂಗೇ ಶುರು ಆಗಿತ್ತು. ಆಮ್ಯಾಲ ಚಾದ ಕಪ್ಪಿನ್ಯಾಗ ಕೈ ಅದ್ದತಿದ್ರು."

ಗಂಗಾಬಾಯಿ ಒಳಗಿನಿಂದ ಓಡಿಬಂದು ಗಂಡನ ಮೂಗಿನ ಮುಂದೆ ಮೂರು ಬೆರಳು ಹಿಡಿದಳು. "ನನಗ ಒಂದ್ ಮಾತ ಹೇಳ್ಲಿಲ್ಲಲ್ರಿ! ಇವು ಎಷ್ಟ ಬಟ್ಟ, ಹೇಳ್ರಿ?"

ಗಾಬರಿಯಲ್ಲಿ ಅವನು ಮೂರಕ್ಕೆ ನಾಲ್ಕೆಂದ. ಅವಳು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು.

ಗುರಣ್ಣ ಗಂಜು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಂಗಡಿಯ ಮೆಟ್ಟಿಲನ್ನು ಹಮಾಲರು ರಟ್ಟೆ ಹಿಡಿದು ಹತ್ತಿಸಿದರು. ಪ್ರತಿವರ್ಷ ಇವನಿಗೇ ತೊಗರಿ ಹಾಕುವ ನಿಂಬರ್ಗಾದ ರೈತ ಜಗದೇವ ಚೀಲ ತುಂಬಿದ ಟ್ರ್ಯಾಕ್ಟರನ್ನು ಪಕ್ಕದ ಅಡತಿಯತ್ತ ತಿರುಗಿಸುತ್ತಿದ್ದ.

"ಜಗದೇವಾ, ಅಲ್ಲಿಗ್ಯಾಕ ಹೊಂಟಿ?"

"ತಪ್ಪ ತಿಳ್ಕೋಬ್ಯಾಡ್ರಿ ಸಾವಕಾರ್ರ. ಕಣ್ಣ ಕಾಣದವ್ರು ತೂಕದ ಕಾಟಾ ಹೆಂಗ ನೋಡ್ತೀರಿ? ಆರಾಮ ತಗೋರಿ."

ಅವನ ಹಿಂದೆ ಉಳಿದ ಗಾಡಿಗಳೂ ತಿರುಗಿದವು. ಮೀಸೆ ಉಳಿಸಿಕೊಂಡರೆ ಅಂಗಡಿ ಹೋಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದ ಮೇಲೆ ಜುಟ್ಟಿಗೆ ಮಲ್ಲಿಗೆ ಯಾಕೆ? ಕಾಟಾದ ಮೇಲೆ ಹತ್ತಿ ನಿಂತು ಕೂಗಿಬಿಟ್ಟ.

"ನನ್ನ ಕಣ್ಣ ಚಲೋನೇ ಅವ! ನನಗ ಹಲ್ಲಿ ಅಂದ್ರ ಅಂಜಿಕಿ! ಬಚ್ಚಲದಾಗ ಹಲ್ಲಿ ಅದ, ಅದಕ್ಕ ಲೈಟ್ ಹಾಕಸಾಕತ್ತೇನಿ!"

ಗಂಜಿನಲ್ಲಿ ಎದ್ದ ನಗುವಿಗೆ ತಗಡಿನ ಪತ್ರಾಸಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಜಗದೇವ ಹೊಟ್ಟೆ ಹಿಡಿದುಕೊಂಡೇ ಟ್ರ್ಯಾಕ್ಟರು ವಾಪಸು ತಂದ. ಹಮಾಲನೊಬ್ಬ ಗುರಣ್ಣನ ಎದುರಿಗೇ ಬೀಡಿ ಹಚ್ಚಿದ.

ಸಂಜೆ ಮನೆಗೆ ಬಂದರೆ ಹೊಸ ಲೈಟು ಝಗಝಗ ಉರಿಯುತ್ತಿತ್ತು. ಗಂಜಿನ ಸುದ್ದಿ ಅಷ್ಟೊತ್ತಿಗೆ ಮುಕ್ರಮನಿಗೂ ಮುಟ್ಟಿತ್ತು. ಅವನು ಧೂಳು ಹಿಡಿದ ಕರೀ ಟೇಪಿನ ತುಂಡೊಂದನ್ನು ಗುರಣ್ಣನ ಅಂಗೈಗಿಟ್ಟ.

"ನಿಮ್ಮ ಹಲ್ಲಿ ತಗೋರಿ ಸಾವಕಾರ್ರ. ಹಳೀ ವೈರಿನ ಟೇಪ್ ಬಿಚ್ಚಿ ಜೋತಬಿದ್ದಿತ್ತು, ಗಾಳಿಗಿ ಅಲಗಾಡ್ತಿತ್ತು. ಹಲ್ಲಿ ಗಿಲ್ಲಿ ಏನೂ ಇಲ್ರಿ."

ಈ ಟೇಪಿನ ತುಂಡಿಗಾಗಿ ಮೀಸೆ ಮಣ್ಣುಪಾಲಾಯಿತಲ್ಲ ಎಂದು ಗುರಣ್ಣನಿಗೆ ಅಳುವೇ ಬಂತು. ಆದರೂ ಜೀವಕ್ಕೆ ಸಮಾಧಾನ. ಕಿಟಕಿ ತೆರೆದಿಟ್ಟು, ಕಾಲು ಚಾಚಿ, ತಲೆಗೆ ಸಾಬೂನು ತಿಕ್ಕಿಕೊಂಡು ನಿಶ್ಚಿಂತೆಯಿಂದ ಸ್ನಾನಕ್ಕೆ ಕೂತ. ಬೆಳಕಿಗೆ ಹುಳ ಬರತೊಡಗಿದ್ದವು. ಬರಲಿ, ಹುಳಕ್ಕೆ ಯಾರು ಅಂಜುತ್ತಾರೆ?

"ಲೊಚ್ ಲೊಚ್."

ಗುರಣ್ಣ ಮೆಲ್ಲಗೆ ಕಣ್ಣೆತ್ತಿದ. ಲೈಟಿನ ಸುತ್ತ, ಸರಿಯಾಗಿ ನೆತ್ತಿಯ ಮೇಲೆ, ಹುಳ ಹಿಡಿಯುತ್ತ ಒಂದು ಹಿಂಡೇ ಕೂತಿತ್ತು. ಕಿಟಕಿಯಲ್ಲಿ ಇನ್ನೊಂದು ನುಸುಳುತ್ತಿತ್ತು. ಅವನ ಕೈ ಬಕೆಟ್ಟು ಹುಡುಕಿತು.

ಗೋಡೆಯಾಚೆಯಿಂದ ಅಖ್ತರಬೇಗಂ ಖುಷಿಯಾಗಿ ಕೂಗಿದಳು: "ಗುರಣ್ಣಾಭಾಯಿ, ನಿಮ್ಮ ಲೈಟ್ ಭಾಳ ಚಲೋ ಅದರಿ! ನಮ್ಮ ಮನ್ಯಾಗಿನ ಹಲ್ಲಿ ಎಲ್ಲಾ ನಿಮ್ಮ ಕಡಿಗೇ ಬಂದ್ವು ನೋಡ್ರಿ!"