ಮುಟ್ಟುಗೋಲಾದ ಮಿಡತೆಗಳನ್ನು ತಿಂದುಬಿಟ್ಟ ಬಗ್ಗೆ

ಮಿಡತೆ ನಿಗ್ರಹ ಹಾಗೂ ಆಹಾರ ನಿಯಂತ್ರಣ ಇಲಾಖೆ
(ಎರಡು ಶಾಖೆ, ಒಂದು ಮೇಜು)
ಉಮ್ ಸಿದ್ರಾ ಬಂದರು, ಕೊಲ್ಲಿ ಕರಾವಳಿ

ಸಂಖ್ಯೆ: ಮಿನಿ/ಆನಿ/ಯುದ್ಧಕಾಲ/41/1943
ದಿನಾಂಕ: 5 ಏಪ್ರಿಲ್ 1943

ಸುತ್ತೋಲೆ

ವಿಷಯ: ಔಷಾ ಬಿಂತ್ ತಾರಿಷ್ ಎಂಬ ವೃದ್ಧೆಯಿಂದ ವಶಪಡಿಸಿಕೊಂಡ ಏಳು ಚೀಲ ಒಣಮಿಡತೆಯನ್ನು ಹಿಂದಿರುಗಿಸುವ ಬಗ್ಗೆ; ಹಿಂದಿರುಗಿಸಲು ಅದು ಉಳಿದಿಲ್ಲದಿರುವ ಬಗ್ಗೆ.

ಉಲ್ಲೇಖ: (ಅ) ಮಿಡತೆ ಶಾಖೆಯ ಅಧಿಕಾರಿಯು ಆಹಾರ ಶಾಖೆಯ ಅಧಿಕಾರಿಗೆ ಬರೆದ ಪತ್ರ. (ಆ) ಅದಕ್ಕೆ ಆಹಾರ ಶಾಖೆಯ ಅಧಿಕಾರಿ ಕೊಟ್ಟ ಖಾರವಾದ ಉತ್ತರ. (ಇಬ್ಬರೂ ಕ್ಯಾಪ್ಟನ್ ವೆದರ್ಬಿ ಅವರೇ.)

ಪ್ರಸ್ತಾವನೆ:

ಚಳಿ ಇಳಿದು, ತೋಟಗಳಲ್ಲಿ ಗಂಡು ಖರ್ಜೂರದ ಹೂವನ್ನು ಹೆಣ್ಣು ಮರದ ಗೊನೆಗೆ ಕಟ್ಟುವ ಕೆಲಸ ಸಾಗಿದ್ದಾಗ, ಮರಳುಗಾಡಿನ ಕಡೆಯಿಂದ ಮಿಡತೆಯ ಹಿಂಡು ಬಂದಿಳಿದಿರುತ್ತದೆ. ಮರದ ಮೇಲಿದ್ದವರು ಸರಸರನೆ ಇಳಿದು, ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಚೀಲ ಹಿಡಿದು ಓಡಿರುತ್ತಾರೆ. ಇದನ್ನು ಪ್ರಜೆಗಳ ಭೀತಿಯೆಂದು ಈ ಕಚೇರಿಯು ಮೇಲಿನವರಿಗೆ ತಂತಿ ಕಳುಹಿಸಿತು. ಅದು ಭೀತಿಯಲ್ಲ, ಊಟದ ಸಡಗರವೆಂದು ಆಮೇಲೆ ತಿಳಿದುಬಂದಿದೆ. ಕಳುಹಿಸಿದ ತಂತಿಯನ್ನು ವಾಪಸು ಪಡೆಯಲು ನಿಯಮದಲ್ಲಿ ಅವಕಾಶವಿರುವುದಿಲ್ಲ.

ಸದರಿ ಔಷಾ, ಮುಂಜಾನೆಯ ತಂಪಿಗೆ ಮಿಡತೆಗಳು ಮರಗಟ್ಟಿ ಕೂತಿರುವಾಗಲೇ ಪೊದೆಗಳಿಂದ ಬಿಡಿಸಿ, ಉಪ್ಪುನೀರಿನಲ್ಲಿ ಬೇಯಿಸಿ, ಮಾಳಿಗೆಯ ಮೇಲೆ ಒಣಗಿಸಿ ಏಳು ಚೀಲ ತುಂಬಿಟ್ಟಿದ್ದಳು. ಗಂಡುಮಕ್ಕಳು ಮುತ್ತು ತೆಗೆಯುವ ದೋಣಿ ಹತ್ತಿ ಕಡಲಿಗೆ ಹೋದ ಮೇಲೆ, ಬೇಸಿಗೆ ಕಳೆಯುವ ತನಕ ಐದು ಮೊಮ್ಮಕ್ಕಳ ಹೊಟ್ಟೆಗೆ ಅದೇ ಆಧಾರ. ಪಡಿತರ ಅಕ್ಕಿಯ ಹಡಗು ಕರಾಚಿ ಬಿಟ್ಟಿದೆಯೆಂದು ಈ ಕಚೇರಿಯು ಚಳಿಗಾಲದಿಂದಲೂ ಹೇಳುತ್ತಲೇ ಬಂದಿದೆ.

ಆದುದರಿಂದ ಸಿಬ್ಬಂದಿಗೂ ಸಾರ್ವಜನಿಕರಿಗೂ ತಿಳಿಯಪಡಿಸುವುದೇನೆಂದರೆ:

1. ಮಿಡತೆಯು ಸಾಮ್ರಾಜ್ಯದ ವೈರಿಯೆಂದು ಘೋಷಿಸಲಾಗಿದೆ. ವೈರಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಾದ್ದರಿಂದ, ಅದೇ ಊರಿನವನಾದ ಕಾವಲುಗಾರ ಮುಸಬ್ಬಾಹನನ್ನು ಕರೆದುಕೊಂಡು ಕ್ಯಾಪ್ಟನರೇ ಖುದ್ದಾಗಿ ಹೋಗಿ ಏಳೂ ಚೀಲಗಳನ್ನು ಮುಟ್ಟುಗೋಲು ಹಾಕಿಕೊಂಡಿರುತ್ತಾರೆ. ಆಗ ಆಕೆ ಅವರನ್ನು ಕೇಳಿದ್ದನ್ನು ಇದ್ದಂತೆಯೇ ದಾಖಲಿಸಲಾಗಿದೆ: “ವೈರಿ ಅಂತೀಯ, ಆಗಲಿ ಮಗಾ. ನಾನು ತಿಂದ್ರೆ ನಿಮ್ಮ ರಾಜಂಗೆ ಅಷ್ಟು ವೈರಿ ಕಮ್ಮಿ ಆದಂಗಲ್ವಾ?” ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರವನ್ನು ಈ ಕಚೇರಿಗೆ ನೀಡಿರುವುದಿಲ್ಲ.

2. ಹಿಂಡನ್ನು ಕೊಲ್ಲಲು ಗೋಧಿ ತೌಡು ಬಂದಿದ್ದು, ಅದರಲ್ಲಿ ಬೆರೆಸಬೇಕಾದ ವಿಷವು ಬೇರೆ ಹಡಗಿನಲ್ಲಿರುತ್ತದೆ. ಆ ಹಡಗು ಬಂದಿರುವುದಿಲ್ಲ. ತೌಡು ಎರಚಲು ಗೊತ್ತುಮಾಡಿದ ದಿನವನ್ನು ಮುಂದೂಡಲು ಬಾರದ್ದರಿಂದ ಬರೀ ತೌಡನ್ನೇ ಎರಚಲಾಯಿತು. ಮಿಡತೆಗಳು ಕೊಬ್ಬಿದವು. ಊರಿನ ಆಡುಗಳೂ ಕೊಬ್ಬಿದವು. ಆಮೇಲೆ ಗಾಳಿ ತಿರುಗಿ ಹಿಂಡು ತಾನಾಗಿ ಹಾರಿಹೋಯಿತು. ಇದನ್ನು ಇಲಾಖೆಯ ವಿಜಯವೆಂದು ವರದಿ ಮಾಡಲಾಗಿದೆ.

3. ಅಷ್ಟರಲ್ಲಿ ಸಿಬ್ಬಂದಿಯ ಅಕ್ಕಿಯೂ ಮುಗಿದು, ಅವರು ಆ ಚೀಲಗಳಿದ್ದ ದಾಸ್ತಾನು ಕೋಣೆಯ ಬಾಗಿಲಲ್ಲಿ ಮೂಗು ಅರಳಿಸಿಕೊಂಡು ನಿಲ್ಲುತ್ತಿದ್ದುದು ಗಮನಕ್ಕೆ ಬಂದಿರುತ್ತದೆ. ಚೀಲದಲ್ಲಿರುವುದು ನಿಜಕ್ಕೂ ವೈರಿಯೇ ಎಂದು ಖಚಿತಪಡಿಸಿಕೊಳ್ಳಲು ದಿನಕ್ಕೊಂದು ಹಿಡಿಯನ್ನು ಪರೀಕ್ಷಾರ್ಥವಾಗಿ ತಿನ್ನಲು ಅನುಮತಿಸಲಾಯಿತು. ಎಷ್ಟು ಜನರ ಹಿಡಿ ಎಂಬುದನ್ನು ಆದೇಶದಲ್ಲಿ ಕಾಣಿಸದೆ ಹೋದದ್ದು ಲೋಪ.

4. ಕ್ಯಾಪ್ಟನರು ಮೊದಲ ದಿನ ಮುಖ ತಿರುಗಿಸಿದರು. ಮರುದಿನ, ತಲೆ ಮುರಿದು ಕಾಲು ಕಿತ್ತು ಬಾಯಿಗಿಡುವ ಕ್ರಮವನ್ನು ಮುಸಬ್ಬಾಹನಿಂದ ಕಲಿತರು. ಅದರ ಮರುದಿನದಿಂದ, ತಮ್ಮ ಎರಡು ಹುದ್ದೆಗಳಿಗೂ ಬೇರೆ ಬೇರೆ ಹಿಡಿ ಸಲ್ಲಬೇಕೆಂದು ಅಭಿಪ್ರಾಯಪಟ್ಟಿರುತ್ತಾರೆ.

5. ಪುರಾವೆ ನಾಶವಾಗಬಾರದಾದ್ದರಿಂದ, ತಿಂದ ಪ್ರತಿ ಮಿಡತೆಯ ತಲೆ, ರೆಕ್ಕೆ, ಕಾಲುಗಳನ್ನು ಅದೇ ಚೀಲಕ್ಕೆ ಹಾಕತಕ್ಕದ್ದೆಂದು ಆದೇಶಿಸಲಾಗಿತ್ತು. ಎಡಗಾಲು ಬಲಗಾಲುಗಳನ್ನು ಬೇರ್ಪಡಿಸಲು ಒಬ್ಬ ಗುಮಾಸ್ತರನ್ನು ನೇಮಿಸಿದೆ. ಬಲಗಾಲುಗಳು ಹೆಚ್ಚಾಗಿ ಕಂಡುಬಂದ ಬಗ್ಗೆ ವಿಚಾರಣೆ ನಡೆದಿದೆ.

6. ಇನ್ನು ಮುಂದೆ ಹಾರುತ್ತಿರುವ ಮಿಡತೆಯನ್ನು ವೈರಿಯೆಂದೂ, ಬೆಂದದ್ದನ್ನು ಯುದ್ಧಕೈದಿಯೆಂದೂ, ತಟ್ಟೆಯಲ್ಲಿರುವುದನ್ನು ಪಡಿತರವೆಂದೂ ಪರಿಗಣಿಸತಕ್ಕದ್ದು. ಬಾಯಿಯೊಳಗಿರುವುದು ಯಾವ ಶಾಖೆಗೆ ಸೇರಿದ್ದೆಂದು ನುಂಗುವ ಮೊದಲು ಲಿಖಿತ ಸ್ಪಷ್ಟನೆ ಪಡೆಯತಕ್ಕದ್ದು.

7. ಈಗ ಹೊರಡಲಿರುವ ಮುತ್ತಿನ ದೋಣಿಗಳಿಗೆ ಮೀನೆಣ್ಣೆ ಬಳಿಯುವ ಕೆಲಸ ಶುರುವಾಗಿದ್ದು, ಔಷಾ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತು ಚೀಲ ಕೇಳಿರುತ್ತಾಳೆ. ಆಕೆಗೆ ಏಳು ಚೀಲ ತಲೆ-ಕಾಲುಗಳನ್ನು ರಸೀದಿ ಸಮೇತ ಒಪ್ಪಿಸಲಾಯಿತು. ಆಕೆ ಒಂದು ಚೀಲದ ಬಾಯಿ ಬಿಚ್ಚಿ ನೋಡಿ, ಮತ್ತೆ ಕಟ್ಟಿದಳು. ಬಳಿಕ ಮುಸಬ್ಬಾಹನತ್ತ ತಿರುಗಿ, “ಲೋ, ಇವ್ರಿಗಾದ್ರೆ ಗೊತ್ತಿಲ್ಲ. ನನ್ನ ಮೊಮ್ಮಕ್ಕಳ ಹೆಸರು ನಿಂಗೂ ಗೊತ್ತಿರ್ಲಿಲ್ವೇನೋ?” ಎಂದಳು. ಮುಸಬ್ಬಾಹ ತಲೆ ತಗ್ಗಿಸಿದ. ತಲೆ ತಗ್ಗಿಸುವುದು ಕಾವಲುಗಾರನ ಕರ್ತವ್ಯಗಳಲ್ಲಿ ಸೇರಿಲ್ಲವಾದ್ದರಿಂದ ಆತನಿಗೆ ಎಚ್ಚರಿಕೆ ನೀಡಲಾಗಿದೆ. ಅದೇ ಹೊತ್ತಿಗೆ ತಲೆ ತಗ್ಗಿಸಿದ್ದ ಕ್ಯಾಪ್ಟನರು ತಮಗೆ ತಾವೇ ಎಚ್ಚರಿಕೆ ಕೊಟ್ಟುಕೊಂಡಿರುತ್ತಾರೆ.

8. ಬದಲಿಗೆ ಹಣ ಕೊಡಲು ಹೋದಾಗ, ಅದರಿಂದ ಕೊಳ್ಳಲು ಅಂಗಡಿಯಲ್ಲಿ ಏನಿದೆಯೆಂದು ಆಕೆ ವಿಚಾರಿಸಿದಳು. ಅಂಗಡಿ ಬರಿದಾಗಿರುವುದು ಆಹಾರ ಶಾಖೆಗೆ ಗೊತ್ತಿರುವ ಸಂಗತಿಯೇ. ಆದ್ದರಿಂದ ಸಿಬ್ಬಂದಿಯು ದಿನವೂ ಬೆಳಿಗ್ಗೆ ದಡದಲ್ಲಿ ಬಲೆ ಎಳೆದು, ಸಿಕ್ಕ ಮೀನನ್ನು ಮೊದಲು ಆ ಐದು ಮಕ್ಕಳಿಗೆ ಮುಟ್ಟಿಸತಕ್ಕದ್ದು. ಕ್ಯಾಪ್ಟನರಿಗೆ ಬಲೆ ಎಳೆಯಲು ಬಾರದ್ದರಿಂದ ಅವರು ಹಗ್ಗದ ತುದಿ ಹಿಡಿದು ನಿಲ್ಲತಕ್ಕದ್ದು.

9. ಮುಂದಿನ ಹಿಂಡು ಬಂದಾಗ ಏಳು ಚೀಲ ತುಂಬಿಕೊಡುವುದಾಗಿ ಕ್ಯಾಪ್ಟನರು ಮಾತು ಕೊಟ್ಟರು. ಹಿಂಡು ಬಾರದಂತೆ ನೋಡಿಕೊಳ್ಳುವುದೇ ತಮ್ಮ ಕೆಲಸವೆಂದು ಗುಮಾಸ್ತರು ಅವರ ಕಿವಿಯಲ್ಲಿ ಹೇಳಿದರು. ಆಕೆಯೋ ಎದ್ದು ಬಟ್ಟೆಯ ಧೂಳು ಕೊಡವಿಕೊಂಡು, “ಮಿಡತೆ ಬಂದೇ ಬರುತ್ತೆ ಮಗಾ, ನಮ್ಮಜ್ಜಿ ಕಾಲದಿಂದ ಬರ್ತಾ ಇದೆ. ಆವತ್ತು ನೀವಿಲ್ಲಿ ಇರ್ತೀರಾ, ಅದನ್ನ ಹೇಳು” ಎಂದಳು. ಸದರಿ ಪ್ರಶ್ನೆಯನ್ನು ಮೇಲಿನ ಕಚೇರಿಗೂ, ಅಲ್ಲಿಂದ ದೆಹಲಿಗೂ, ಅಲ್ಲಿಂದ ಲಂಡನ್ನಿಗೂ ಕಳುಹಿಸಿದೆ. ಉತ್ತರ ಬರುವವರೆಗೆ ಏಳು ಚೀಲದ ಸಾಲವು ಬಾಕಿ ಇದೆಯೆಂದು ತಿಳಿಯತಕ್ಕದ್ದು.

(ಸಹಿ) ವೆದರ್ಬಿ
ಅಧಿಕಾರಿ, ಮಿಡತೆ ಶಾಖೆ

ಮೇಲಿನ ಸಹಿ ನನ್ನ ಸಮಕ್ಷಮದಲ್ಲಿ ಆಗಿದೆ:
(ಸಹಿ) ವೆದರ್ಬಿ
ಅಧಿಕಾರಿ, ಆಹಾರ ಶಾಖೆ

ಪ್ರತಿಗಳು:
ಎರಡೂ ಶಾಖೆಗಳಿಗೆ (ಕಾಗದದ ಅಭಾವವಿರುವುದರಿಂದ ಒಂದೇ ಪ್ರತಿ, ಓದಿದ ನಂತರ ಮೇಜಿನ ಆಚೆ ಬದಿಗೆ ಸರಿಸುವುದು).
ಅಕ್ಕಿ ಹಡಗಿನ ಕಪ್ತಾನರಿಗೆ, ಎಲ್ಲಿದ್ದರೆ ಅಲ್ಲಿಗೆ.
ಕಾವಲುಗಾರ ಮುಸಬ್ಬಾಹನಿಗೆ, ಓದಿ ಹೇಳುವುದು. 7ನೆಯ ಕಲಮನ್ನು ಬಿಟ್ಟು.
ಔಷಾ ಬಿಂತ್ ತಾರಿಷ್ ಅವರಿಗೆ, ಆ ದಿನದ ಮೀನಿನೊಂದಿಗೆ. ಮೀನು ಸಿಗದ ದಿನ ಪ್ರತಿಯನ್ನು ಕಳುಹಿಸತಕ್ಕದ್ದಲ್ಲ.